ಭವಿಷ್ಯಕ್ಕೆ ಎರಡು ಕಿಂಡಿ

ಯಾವ ವಸ್ತುವನ್ನೇ ಆಗಲಿ, ಕೊಳ್ಳುವ ಮೊದಲು ಅದರ ಬಗ್ಗೆ ಓದಿ ತಿಳಿದುಕೊಳ್ಳಬೇಕೆನ್ನುವ ಕೆಟ್ಟ ಅಭ್ಯಾಸ ನನಗಿದೆ. ಕೆಟ್ಟ ಅಭ್ಯಾಸ ಎಂದು ಈಗ ಹೇಳುತ್ತಿದ್ದೇನೆ. ಹೋದ ವರ್ಷ ಕೇಳಿದ್ದರೆ ಅದನ್ನೇ ಶಿಸ್ತು ಎನ್ನುತ್ತಿದ್ದೆ. ಓದದೆ ಕೊಳ್ಳುವವರು ಅಂಗಡಿಗೆ ಹೋಗಿ, ಕೈಗೆ ಸಿಕ್ಕಿದ್ದನ್ನು ತಂದು, ಹತ್ತು ವರ್ಷ ಬಳಸಿಕೊಂಡು ಸುಖವಾಗಿರುತ್ತಾರೆ. ನಾನು ಮೂರು ತಿಂಗಳು ಓದುತ್ತೇನೆ, ಆಫೀಸಿನಲ್ಲಿ ನಾಲ್ಕು ಜನರ ತಲೆ ತಿನ್ನುತ್ತೇನೆ, ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಗುಣ, ಬಲಕ್ಕೆ ದೋಷ ಎಂದು ಬರೆಯುತ್ತೇನೆ. ಇಷ್ಟೆಲ್ಲ ಆದ ಮೇಲೆ ನಾನು ತರುವ ವಸ್ತುವಿನಲ್ಲಿ ಬೇಕಾದದ್ದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಇರುತ್ತದೆ.

ಇದಕ್ಕೆ ನಮ್ಮ ಮನೆಯ ಗೋಡೆಗಳೇ ಸಾಕ್ಷಿ. ತೊಂಬತ್ತರ ದಶಕದ ಮೊದಲಲ್ಲಿ ಬನಶಂಕರಿ ಎರಡನೇ ಹಂತದಲ್ಲಿ ಈ ಮನೆ ಕಟ್ಟಿಸುವಾಗ, ಮುಂದೆ ಪ್ರತಿಯೊಂದು ಕೋಣೆಯಲ್ಲೂ ಟೆಲಿಫೋನು ಇರುತ್ತದೆ ಎಂದು ಎಲ್ಲೋ ಓದಿದ್ದೆ. ಆಗ ನಮ್ಮ ಮನೆಯಲ್ಲಿ ಒಂದು ಟೆಲಿಫೋನೂ ಇರಲಿಲ್ಲ; ಅರ್ಜಿ ಹಾಕಿ ಕಾಯುತ್ತಿದ್ದೆವು. ಆದರೂ ಎಲೆಕ್ಟ್ರಿಷಿಯನ್ನನ್ನು ನಿಲ್ಲಿಸಿಕೊಂಡು ಪ್ರತಿ ಕೋಣೆಗೂ ಗೋಡೆಯೊಳಗೆ ವೈರು ಎಳೆಸಿದೆ. ದೇವರ ಕೋಣೆಗೂ ಒಂದು ಪಾಯಿಂಟು ಹಾಕಿಸಿದೆ. "ಇಲ್ಲಿಗೆ ಯಾರು ಫೋನ್ ಮಾಡ್ತಾರೆ ಸಾರ್?" ಎಂದು ಆತ ಕೇಳಿದ. ಭವಿಷ್ಯದ ಕಲ್ಪನೆ ಇಲ್ಲದ ಮನುಷ್ಯ ಎಂದುಕೊಂಡೆ. ಆಮೇಲೆ ಟೆಲಿಫೋನು ಬಂತು, ಹಾಲಿನಲ್ಲಿ ಕೂತಿತು. ಅದರ ಹಿಂದೆಯೇ ವೈರಿಲ್ಲದ ಫೋನು ಬಂತು, ಅದರ ಹಿಂದೆ ಜೇಬಿನ ಫೋನು ಬಂತು. ಈಗ ಆ ಪಾಯಿಂಟುಗಳ ಮೇಲೆ ಎರಡು ಸಲ ಬಣ್ಣ ಬಳಿದಾಗಿದೆ. ದೇವರ ಕೋಣೆಯದರ ಮೇಲೆ ನನ್ನ ಹೆಂಡತಿ ವನಮಾಲ ಕ್ಯಾಲೆಂಡರು ತೂಗುಹಾಕಿದ್ದಾಳೆ.

ವನಮಾಲ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಕೆಲಸ ಮಾಡುತ್ತಾಳೆ. ಮದುವೆ, ಮುಂಜಿ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಂದು ಮನುಷ್ಯನಿಗೆ ಏನೇನು ಆಗುತ್ತದೋ ಅದಕ್ಕೆಲ್ಲ ಕನ್ನಡದಲ್ಲಿ ಆಹ್ವಾನಪತ್ರಿಕೆ ಜೋಡಿಸಿಕೊಡುವ ಕೆಲಸ. ಅವಳ ಕಂಪ್ಯೂಟರು ಎಂಟು ವರ್ಷದ ಹಳೆಯದು. ಹೋದ ವರ್ಷ, ಎಂದರೆ ಎರಡು ಸಾವಿರದ ಎಂಟರಲ್ಲಿ, ಅದು ಮಾತು ಮಾತಿಗೂ ನಿಂತುಬಿಡಲು ಶುರು ಮಾಡಿತು. ಅದೇ ಹೊತ್ತಿಗೆ ಅವಳಿಗೆ ಪುಟ್ಟೇನಹಳ್ಳಿಯ ಮುನಿಕೃಷ್ಣಪ್ಪನವರ ಮಗಳ ಮದುವೆಯ ಕೆಲಸ ಸಿಕ್ಕಿತ್ತು. ಮುನಿಕೃಷ್ಣಪ್ಪನವರು ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ಅವರ ಮನೆಯ ಪತ್ರಿಕೆ ಚೆನ್ನಾಗಿ ಬಂದರೆ ಊರಿನ ಉಳಿದ ಮನೆಗಳ ಮದುವೆಗಳೂ ಇವಳ ಕೈಗೆ ಬರುತ್ತವೆ; ಕೆಟ್ಟರೆ ಒಂದೂ ಬರುವುದಿಲ್ಲ. ಪತ್ರಿಕೆಯ ಹಿಂಬದಿಗೆ 'ತಮ್ಮ ಸುಖಾಗಮನ ಬಯಸುವವರು' ಎಂದು ಅರವತ್ತಮೂರು ಹೆಸರುಗಳಿದ್ದವು. ಒಂದು ಹೆಸರು ಬಿಟ್ಟುಹೋದರೂ, ಒಂದು ಹೆಸರು ಇನ್ನೊಂದರ ಕೆಳಗೆ ಇಳಿದರೂ ಮದುವೆಯ ಮನೆಯಲ್ಲಿ ಊಟ ಬಿಟ್ಟು ಎದ್ದುಹೋಗುವವರಿದ್ದರು. ವನಮಾಲ ಅದನ್ನು ಉಸಿರು ಬಿಗಿಹಿಡಿದು ಜೋಡಿಸುತ್ತಿದ್ದಳು.

"ಹೊಸ ಕಂಪ್ಯೂಟರ್ ಬೇಕು ರೀ," ಎಂದಳು. "ನನಗೆ ಎರಡೇ ಎರಡು ವಿಷಯ. ಹ್ಯಾಂಗ್ ಆಗ್ಬಾರ್ದು. ಕನ್ನಡ ಬರ್ಬೇಕು."

ಕನ್ನಡ ಬರದ ಕಂಪ್ಯೂಟರು ಈ ಕಾಲದಲ್ಲಿ ಎಲ್ಲಿದೆ ಎಂದು ನಕ್ಕು, ಉಳಿದದ್ದನ್ನೆಲ್ಲ ನನಗೆ ಬಿಡು ಎಂದೆ. ಅವಳು ಬಿಟ್ಟಳು. ಆ ಒಂದು ತಪ್ಪು ಮಾತ್ರ ಅವಳದು.

ನಾನು ವಿಮಾ ಆಫೀಸಿನ ಗುಮಾಸ್ತ. ಕಂಪ್ಯೂಟರಿಗೂ ನನಗೂ ಇರುವ ಸಂಬಂಧ ಮೂರು ತಿಂಗಳ ಒಂದು ಸಂಜೆ ಕೋರ್ಸು ಮತ್ತು ತಿಂಗಳಿಗೊಂದು ಪತ್ರಿಕೆ. ಆ ಪತ್ರಿಕೆಯಿಂದಲೇ ನನಗೆ ಗೊತ್ತಾದದ್ದು, ಕಂಪ್ಯೂಟರಿನಲ್ಲಿ ಮುಖ್ಯವಾದದ್ದು ವೈರು ಚುಚ್ಚುವ ಅದರ ಕಿಂಡಿಗಳು ಎಂದು. ಒಳಗಿನ ಡಿಸ್ಕಿಗೆ ಹೋಗುವ ವೈರಿನಲ್ಲೇ ಸಾಟಾ ಒಂದು, ಸಾಟಾ ಎರಡು ಎಂದು ಎರಡು ತಲೆಮಾರುಗಳಿದ್ದವು. ಎರಡನೆಯದು ಮೊದಲನೆಯದಕ್ಕಿಂತ ಎರಡು ಪಟ್ಟು ವೇಗ. ಯುಎಸ್‌ಬಿಯಲ್ಲೂ ಒಂದು, ಎರಡು ಇತ್ತು. ಕಡಿಮೆ ಬಜೆಟ್ಟಿನಲ್ಲಿ ಕಟ್ಟುವ ಕಂಪ್ಯೂಟರಿಗೆ ಈ ಹೊಸ ತಲೆಮಾರು ಬೇಕೇ, ಹಳೆಯದೇ ಸಾಕೇ ಎಂಬುದು ನನ್ನ ಆ ಮೂರು ತಿಂಗಳ ಚಿಂತೆ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಜಯನಗರದಲ್ಲಿ ಇಳಿಯುವುದನ್ನು ಮರೆತು ಒಂದು ದಿನ ಮಾರ್ಕೆಟ್ಟಿಗೇ ಹೋಗಿಬಿಟ್ಟಿದ್ದೆ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಆಫೀಸಿನಲ್ಲಿ ಆಡಿಕೊಂಡರು.

ಕಂಪ್ಯೂಟರು ಕಟ್ಟಿಕೊಡಬೇಕಾದವರು ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಣ್ಣ ಅಂಗಡಿಯ ಬಸವರಾಜ್. ಗದಗದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು, ನಲವತ್ತರ ಆಸುಪಾಸಿನ ತಾಳ್ಮೆಯ ಮನುಷ್ಯ. ನನ್ನ ನೋಟ್‌ಬುಕ್ಕನ್ನು ಪೂರ್ತಿ ಓದಿದ ಏಕೈಕ ವ್ಯಕ್ತಿ ಅವರೇ.

"ಸರ, ಸಾಟಾ ಎರಡು ನಿಮಗ ಬೇಕಾಗಿಲ್ರೀ," ಎಂದರು. "ಈ ಡಿಸ್ಕ್ ಸಾಟಾ ಒಂದರ ವೇಗನ ಪೂರ್ತಿ ಮುಟ್ಟಂಗಿಲ್ಲ. ಎರಡು ಹಾಕಿಸಿದ್ರೂ ಅದು ಅಷ್ಟ ಓಡೋದು."

"ಮತ್ತೆ ಎರಡನೇದನ್ನ ಯಾಕೆ ಮಾಡಿದಾರೆ?"

"ನಿಮ್ಮಂಥೋರು ಕೇಳ್ತಾರಂತ ಮಾಡ್ಯಾರ್ರೀ."

ಅವರು ಕಿಂಡಿಗಳೆಲ್ಲ ಇರುವ ಎರಡು ಮದರ್‌ಬೋರ್ಡುಗಳನ್ನು ಮೇಜಿನ ಮೇಲಿಟ್ಟರು. ಒಂದು ಹಳೆಯ ಪದ್ಧತಿಯದು: ನಾಲ್ಕು ಯುಎಸ್‌ಬಿ, ಮತ್ತು ಹಿಂಭಾಗದಲ್ಲಿ ಹಲ್ಲುಕಿರಿದಂತೆ ಉದ್ದನೆಯದೊಂದು ಗುಲಾಬಿ ಬಣ್ಣದ ಕಿಂಡಿ. ಈ ಗುಲಾಬಿ ಕಿಂಡಿ ಓಬೀರಾಯನ ಕಾಲದ ಪ್ರಿಂಟರುಗಳಿಗೆ ಇದ್ದದ್ದು, ಇನ್ನೂ ಇದನ್ನು ಹೊತ್ತು ತಿರುಗುವವರಿಗೆ ನಾಚಿಕೆಯಾಗಬೇಕು ಎಂಬ ಅರ್ಥದ ಲೇಖನವನ್ನು ನಾನು ಆ ತಿಂಗಳೇ ಓದಿದ್ದೆ. ಇನ್ನೊಂದು ಹೊಸ ಬೋರ್ಡು: ಸಾಟಾ ಎರಡು, ಎಂಟು ಯುಎಸ್‌ಬಿ, ಹಳೆಯ ಕಾಲದ್ದು ಒಂದೂ ಇಲ್ಲ. ಅದು ಸ್ವಲ್ಪ ದುಬಾರಿ. ಅದನ್ನು ತೆಗೆದುಕೊಂಡರೆ ಮೆಮೊರಿಯನ್ನು ಅರ್ಧಕ್ಕೆ ಇಳಿಸಬೇಕಾಗಿತ್ತು.

"ಮೆಮೊರಿ ಇಳಿಸಬ್ಯಾಡ್ರಿ, ಹ್ಯಾಂಗ್ ಆಗ್ತೈತಿ," ಎಂದರು ಬಸವರಾಜ್. ಆಮೇಲೆ ಏನೋ ಹೊಳೆದವರಂತೆ, "ಮನ್ಯಾಗ ಈ ಗುಲಾಬಿ ಕಿಂಡಿಗೆ ಏನರ ಹಚ್ಚೀರೇನ್ರೀ?" ಎಂದು ಕೇಳಿದರು.

"ಏನೂ ಇಲ್ಲ. ನಮ್ಮ ಪ್ರಿಂಟರ್ ಯುಎಸ್‌ಬಿದು," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಮನೆಗೆ ಬಂದು ವನಮಾಲಳಿಗೆ ಎಂಟು ಕಿಂಡಿಗಳ ವಿಷಯ ಹೇಳಿದೆ. ಎಂಟಕ್ಕೂ ಏನೇನು ಹಾಕುತ್ತೀರಿ ಎಂದು ಕೇಳಿದಳು. ಬೆರಳು ಮಡಿಸುತ್ತಾ ಹೋದೆ: ಕೀಬೋರ್ಡು, ಮೌಸು, ಪ್ರಿಂಟರು, ಪೆನ್‌ಡ್ರೈವು, ಮುಂದೆ ಯಾವಾಗಲಾದರೂ ಕೊಂಡರೆ ಕ್ಯಾಮೆರಾ, ಕ್ಯಾಮೆರಾ ಕೊಂಡಮೇಲೆ ಸ್ಕ್ಯಾನರು.

"ಆರಾಯ್ತು. ಇನ್ನೆರಡು?"

"ಅದು ಭವಿಷ್ಯಕ್ಕೆ."

"ಸಾಕಾಗುತ್ತಾ, ಎರಡು?" ಎಂದಳು. ಅವಳು ಆಗ ದೇವರ ಕೋಣೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳೆಂಬುದನ್ನು ನಾನು ಆಮೇಲೆ ನೆನಪಿಸಿಕೊಂಡೆ.

ಹೊಸ ಬೋರ್ಡೇ ಎಂದು ತೀರ್ಮಾನವಾಯಿತು. ಹಳೆಯ ಕಂಪ್ಯೂಟರನ್ನು ಬದಲಿಗೆ ಕೊಟ್ಟುಬಿಡುವುದೆಂದೂ ನಾನೇ ತೀರ್ಮಾನಿಸಿದೆ. ಒಂದು ತಿಂಗಳು ಅದೂ ಇರಲಿ ಎಂದು ವನಮಾಲ ಹೇಳಿದಳು. ಮನೆಯಲ್ಲಿ ಹಳೆಯದು ಇದ್ದರೆ ಹೊಸದರ ಮೇಲೆ ವಿಶ್ವಾಸ ಬೆಳೆಯುವುದಿಲ್ಲ ಎಂದು ನಾನು ಹೇಳಿದೆ. ಇಂಥ ಮಾತುಗಳು ನನ್ನ ಬಾಯಿಗೆ ಎಲ್ಲಿಂದ ಬರುತ್ತವೆಯೋ ಕಾಣೆ. ಶನಿವಾರ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನಾಲ್ಕನೇ ಬ್ಲಾಕಿಗೆ ಹೋದೆ. ಬಸವರಾಜ್ ಅದರಲ್ಲಿದ್ದ ಕಡತಗಳನ್ನೆಲ್ಲ ಹೊಸದಕ್ಕೆ ಸಾಗಿಸಿದರು. ಕೊನೆಗೆ ಹಳೆಯದನ್ನು ತಿರುಗಿಸಿ, ಅದರ ಬೆನ್ನಿಗೆ ಅಂಟಿಕೊಂಡಿದ್ದ ಬೆಂಕಿಪೊಟ್ಟಣದ ಗಾತ್ರದ ಒಂದು ಬೂದು ಡಬ್ಬಿಯನ್ನು ತೋರಿಸಿ, "ಸರ, ಇದು?" ಎಂದರು.

ಅದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಎಂಟು ವರ್ಷ ಆ ಯಂತ್ರ ನನ್ನ ಮನೆಯಲ್ಲೇ ಇತ್ತು. ಅದರ ಬೆನ್ನನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಮೂರು ತಿಂಗಳು ಕಿಂಡಿಗಳ ಬಗ್ಗೆ ಓದಿದವನು ಕಿಂಡಿಯ ವಿಷಯದಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ?

"ಅದು ಕ್ಯಾಪು," ಎಂದೆ. "ಧೂಳು ಹೋಗದ ಹಾಗೆ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುನಿಕೃಷ್ಣಪ್ಪನವರು ಹೆಸರುಗಳನ್ನು ಕೊನೆಯ ಸಲ ನೋಡಲು ಬಂದರು. ಸೋಮವಾರ ಪತ್ರಿಕೆ ಅಚ್ಚಿಗೆ ಹೋಗಬೇಕು. ಹೊಸ ಕಂಪ್ಯೂಟರು ನೀಲಿ ದೀಪ ಬೆಳಗಿಸಿಕೊಂಡು ಎದ್ದಿತು. ವನಮಾಲ ಕನ್ನಡದ ಸಾಫ್ಟ್‌ವೇರನ್ನು ತೆರೆದಳು. ಲಾಕ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಸಾಫ್ಟ್‌ವೇರು ಮುಚ್ಚಿಕೊಂಡಿತು. ಅವಳು ಮತ್ತೆ ತೆರೆದಳು. ಅದು ಮತ್ತೆ ಮುಚ್ಚಿಕೊಂಡಿತು. ಅವಳು ಎದ್ದು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು.

"ರೀ, ಲಾಕ್ ಎಲ್ಲಿ?"

"ಯಾವ ಲಾಕು?"

"ಬೂದು ಬಣ್ಣದ್ದು. ಹಳೇದರ ಹಿಂದೆ ಇತ್ತಲ್ಲ. ಸಾಫ್ಟ್‌ವೇರ್ ಜೊತೆ ಕಂಪನಿಯೋರು ಕೊಟ್ಟಿದ್ದು. ಅದು ಹಿಂದೆ ಚುಚ್ಚಿದ್ರೇನೇ ಕನ್ನಡ ಬರೋದು."

ಧೂಳು, ಕ್ಯಾಪು ಎಂದು ಏನೋ ತೊದಲಿದೆ. ವನಮಾಲ ನಗಲಿಲ್ಲ, ಸಿಡುಕಲೂ ಇಲ್ಲ. ಮುಖ ಸಣ್ಣದು ಮಾಡಿಕೊಂಡು ಆ ಅರವತ್ತಮೂರು ಹೆಸರು ಮೂಡಬೇಕಾಗಿದ್ದ ಪರದೆಯನ್ನೇ ನೋಡುತ್ತಾ ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಂಟು ವರ್ಷದಲ್ಲಿ ಅವಳು ಒಂದೊಂದೇ ಪತ್ರಿಕೆ ಜೋಡಿಸಿ ಗಳಿಸಿದ ಹೆಸರನ್ನು ನಾನು ಆಟೋದಲ್ಲಿ ಸಾಗಿಸಿ ಕೊಟ್ಟುಬಂದಿದ್ದೆ. ನನಗೆ ನಿಜವಾಗಿಯೂ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಸೋಫಾದ ಮೇಲಿದ್ದ ಮುನಿಕೃಷ್ಣಪ್ಪನವರು ಸಮಾಧಾನ ಹೇಳಿದರು. "ಆಗುತ್ತೆ ಬುಡಿ ಸಾರ್. ನಮ್ಮಪ್ಪ ಒಂದು ಪಂಪ್‌ಸೆಟ್ ತಂದಿದ್ದ. ಆಗಿನ ಕಾಲಕ್ಕೆ ಭಾರಿ ಹೊಸಾದು. ಊರಿಗೆ ಇನ್ನೂ ಕರೆಂಟೇ ಬಂದಿರ್ಲಿಲ್ಲ."

"ಆಮೇಲೆ ಬಂತಾ?" ಎಂದೆ, ಆಸೆಯಿಂದ.

"ಬಂತು ಸಾರ್. ಅಷ್ಟೊತ್ತಿಗೆ ಜಮೀನು ಲೇಔಟ್ ಆಗಿತ್ತು."

ಸ್ಕೂಟರು ಹತ್ತಿ ಬಿಟಿಎಂನ ಬಸವರಾಜ್ ಮನೆಯ ಕಡೆಗೆ ಹೊರಟೆ. ಭಾನುವಾರವಾದ್ದರಿಂದ ಅಂಗಡಿ ಮುಚ್ಚಿತ್ತು. ಹಳೆಯ ಯಂತ್ರವನ್ನು ಅವರು ಆಗಲೇ ಬಿಚ್ಚಿ ಯಾರಿಗಾದರೂ ಮಾರಿದ್ದರೆ? ಬೂದು ಡಬ್ಬಿಯನ್ನು ಕಸಕ್ಕೆ ಎಸೆದಿದ್ದರೆ? ದಾರಿಯುದ್ದಕ್ಕೂ ಬನಶಂಕರಿಯಮ್ಮನಿಗೆ ಏನೇನೋ ಹರಕೆ ಹೊತ್ತೆ. ಬಸವರಾಜ್ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಲಾಕ್ ಬೇಕೇನ್ರೀ?" ಎಂದರು. ಹಳೆಯ ಕಂಪ್ಯೂಟರು ಅವರ ಮಂಚದ ಕೆಳಗೆ ಇದ್ದ ಹಾಗೆಯೇ ಇತ್ತು, ಬೆನ್ನ ಮೇಲೆ ಬೂದು ಡಬ್ಬಿಯ ಸಮೇತ.

"ನಿಮಗೆ ಗೊತ್ತಿತ್ತಾ ಅದು ಲಾಕು ಅಂತ?"

"ಡಿಟಿಪಿಯವರ ಮಷಿನ್ನಾಗ ನೋಡೀನ್ರೀ. ಆದ್ರ ನೀವು ಕ್ಯಾಪು ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ರಿ. ಇಷ್ಟು ಓದಿದೋರು ಹೇಳಾಕತ್ತಾರಂದ್ರ ನನಗ ತಿಳಿದಿದ್ದ ತಪ್ಪಿರಬೇಕು ಅನಿಸ್ತು. ಆದ್ರೂ ಇರ್ಲಿ ಅಂತ ಬಿಚ್ಚದ ಮನೀಗೆ ತಂದಿಟ್ಟೆ."

ಲಾಕನ್ನಷ್ಟೇ ಕಿತ್ತುಕೊಂಡು ಓಡೋಣವೆಂದು ಕೈ ಹಾಕಿದೆ. ಅವರು ತಡೆದರು. "ಎಲ್ಲಿ ಚುಚ್ಚತೀರಿ ಸರ? ನಿಮ್ಮ ಹೊಸಾದ್ರಾಗ ಗುಲಾಬಿ ಕಿಂಡಿ ಇಲ್ಲಲ್ರೀ." ಎಂಟು ಕಿಂಡಿಗಳಿದ್ದವು, ಅದರಲ್ಲಿ ಎರಡು ಕೇವಲ ಭವಿಷ್ಯಕ್ಕೆಂದೇ ಮೀಸಲಾಗಿದ್ದವು, ಒಂದಕ್ಕೂ ಆ ಡಬ್ಬಿ ಹೋಗುತ್ತಿರಲಿಲ್ಲ. ಗುಲಾಬಿ ಕಿಂಡಿಯನ್ನು ಬೇರೆ ಕಾರ್ಡಿನಲ್ಲಿ ಕೂರಿಸಬಹುದು, ಆದರೆ ಇಂಥ ಹಳೆಯ ಲಾಕುಗಳು ಅದನ್ನು ಗುರುತು ಹಿಡಿಯುವುದಿಲ್ಲ ಎಂದರು. ಕೊನೆಗೆ ಹಳೆಯ ಕಂಪ್ಯೂಟರನ್ನೇ ನಾವಿಬ್ಬರೂ ಸ್ಕೂಟರಿನ ಮೇಲೆ ತಂದೆವು. ನಾನು ಓಡಿಸಿದೆ, ಅವರು ಹಿಂದೆ ಕೂತು ಅದನ್ನು ಮಗುವಿನ ಹಾಗೆ ತಬ್ಬಿಕೊಂಡಿದ್ದರು. ಹೊರಡುವ ಮೊದಲೇ ಅವರು ಮನೆಯಲ್ಲಿ ಬಿದ್ದಿದ್ದ ಹಳೆಯ ಮೆಮೊರಿಯ ಒಂದು ಪಟ್ಟಿಯನ್ನು ಅದಕ್ಕೆ ಸೇರಿಸಿದ್ದರು. ಆಮೇಲೆ ಅದು ನಿಂತದ್ದನ್ನು ನಾನು ನೋಡಿಲ್ಲ.

ನಾವು ಬರುವಷ್ಟರಲ್ಲಿ ಮುನಿಕೃಷ್ಣಪ್ಪನವರು ಎರಡು ಲೋಟ ಕಾಫಿ ಕುಡಿದು, ಕಾದು ಕೂತ ಬೇಸರಕ್ಕೆ ಪಟ್ಟಿಯನ್ನು ಮತ್ತೊಮ್ಮೆ ಓದಿ, ಬೇಗೂರಿನ ತಮ್ಮ ಷಡ್ಡಕನ ಹೆಸರೇ ಬಿಟ್ಟುಹೋಗಿರುವುದನ್ನು ಕಂಡುಹಿಡಿದಿದ್ದರು. "ಲೇಟ್ ಆಗಿದ್ದೇ ಒಳ್ಳೇದಾಯ್ತು ಸಾರ್. ಅವನ ಹೆಸರು ಇಲ್ದೆ ಇದ್ದಿದ್ರೆ ಮದ್ವೆನೇ ನಿಲ್ಲಿಸ್ತಿದ್ದ," ಎಂದರು. ಪತ್ರಿಕೆ ಅರವತ್ತನಾಲ್ಕು ಹೆಸರಿನೊಂದಿಗೆ ಸೋಮವಾರ ಅಚ್ಚಿಗೆ ಹೋಯಿತು. ಷಡ್ಡಕನನ್ನು ಉಳಿಸಿದ್ದು ಒಂದು ರೀತಿಯಲ್ಲಿ ನಾನೇ ಎಂದು ಆ ಸಂಜೆ ವನಮಾಲಳಿಗೆ ಸೂಚಿಸಿದೆ. ಅವಳು ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದಳು. ಚಾಕು ಒಂದು ಕ್ಷಣ ನಿಂತಿತು, ನಾನು ಮಾತು ಬದಲಾಯಿಸಿದೆ.

ಈಗ ಮುಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರು ಪುಟ್ಟೇನಹಳ್ಳಿಯ ಮದುವೆಗಳನ್ನು ಒಂದಾದ ಮೇಲೊಂದರಂತೆ ಮಾಡಿಸುತ್ತಿದೆ. ಎಂಟು ಕಿಂಡಿಯ ಹೊಸದು ಹಾಲಿನ ಮೂಲೆಯಲ್ಲಿ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಇಸ್ಪೀಟು ಆಡುತ್ತೇನೆ. ಸಾಟಾ ಎರಡಿನ ವೇಗದಲ್ಲಿ ಸೋಲುತ್ತೇನೆ. ಯುಎಸ್‌ಬಿಯಲ್ಲಿ ಮೂರನೆಯದು ಬರುತ್ತಿದೆಯೆಂದು ಹೋದ ವಾರ ಓದಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಲು ಕೈ ತುರಿಸಿತು, ತಡೆದುಕೊಂಡಿದ್ದೇನೆ.

ನನ್ನ ಪಾಲಿನ ಆ ಹೊಸ ಕಂಪ್ಯೂಟರಿಗೆ ಕನ್ನಡ ಬರದ ಕಾರಣ ಈ ಪ್ರಬಂಧವನ್ನು ಕೈಯಲ್ಲೇ ಬರೆದು ವನಮಾಲಳಿಗೆ ಜೋಡಿಸಲು ಕೊಟ್ಟೆ. ಎರಡು ನಾಮಕರಣ, ಒಂದು ಗೃಹಪ್ರವೇಶ ಮುಗಿದ ಮೇಲೆ ನನ್ನ ಸರದಿ ಬಂತು. ಜೋಡಿಸುತ್ತಾ ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕರೆದಳು.

"ಇಲ್ಲಿ, ವನಮಾಲ ನಗಲಿಲ್ಲ ಅಂತ ಬರೆದಿದೀರ. ಅದು ತಪ್ಪು. ನಕ್ಕಿದ್ದೆ. ಮುನಿಕೃಷ್ಣಪ್ಪನೋರೂ ನಕ್ಕಿದ್ರು. ನಿಮ್ಮ ಸ್ಕೂಟರ್ ಗೇಟ್ ದಾಟ್ಲಿ ಅಂತ ಕಾಯ್ತಿದ್ವಿ."

ಮುಖ ಸಣ್ಣದಾಗಿದ್ದದ್ದು ನಗು ತಡೆದುಕೊಳ್ಳುವುದಕ್ಕೋ ಎಂದು ಕೇಳಿದೆ. ಮೊದಲು ಭಯಕ್ಕೆ, ಕ್ಯಾಪು ಎಂದು ಕೇಳಿದ ಮೇಲೆ ನಗುವಿಗೆ ಎಂದಳು. ಹಾಗಾದರೆ ಆ ಸಾಲನ್ನು ತಿದ್ದಿಬಿಡು, ಕ್ಯಾಪಿನ ಮಾತನ್ನೂ ಅಲ್ಲಿಂದ ತೆಗೆದುಬಿಡು, ಓದಿದವರು ಏನೆಂದುಕೊಳ್ಳುತ್ತಾರೆ ಎಂದು ಬೇಡಿಕೊಂಡೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, ಅದನ್ನು ದಪ್ಪ ಅಕ್ಷರದಲ್ಲಿ ಹಾಕಲೇ ಎಂದು ಕೇಳಿದಳು.