ಕೆನೆ ಗಿಂಡಿಯ ಎಂಜಲು

ನಮ್ಮ ಕಾಕಾ ಕೆನೆಯ ವಾಸನೆಗೇ ಮುಖ ತಿರುಗಿಸುವವರು. ಆದರೆ ಕೆನೆ ಬಡಿಸುವ ಪಾತ್ರೆಯ ಬಗ್ಗೆ ರಬಕವಿಯಲ್ಲಿ ಅವರಷ್ಟು ಮಾತಾಡಬಲ್ಲವರು ಇನ್ನೊಬ್ಬರಿಲ್ಲ!

ಜಮಖಂಡಿಯ ಗುಜರಿಯಲ್ಲಿ ಅವರಿಗೊಂದು ಪುಟ್ಟ ಪಿಂಗಾಣಿ ಗಿಂಡಿ ಸಿಕ್ಕಿತ್ತು. ಅಂದಿನಿಂದ ದಿನಾ ಮುಂಜಾನೆ ಅದಕ್ಕೆ ಕೆನೆ ತುಂಬಿಸಿ ಪಡಸಾಲೆಯಲ್ಲಿ ಪಾಠ. ಹಿಂದೆ ಬಿಳಿ ಸಾಹೇಬರು ಚಹಾಕ್ಕೆ ಕೆನೆ ಬೆರೆಸಲು ಇದನ್ನು ಮಾಡಿಸಿದರಂತೆ. ಮರುದಿನ ಕೇಳಿದರೆ, ಚಹಾಕ್ಕಲ್ಲ, ಹಣ್ಣಿನ ಮೇಲೆ ಸುರಿಯಲಂತೆ! ಬಾಯಿ ಯಾಕೆ ಅಗಲ? ಕೆನೆ ದಪ್ಪ. ಹೊಟ್ಟೆ ಯಾಕೆ ಸಣ್ಣದು? ಕೆನೆ ಕಡಿಮೆ. ಮುಂದಿನ ಚುಂಚು?

“ಸೀರಿಗಿ ಸೆರಗು ಹೆಂಗೋ, ಗಿಂಡಿಗಿ ಇದು ಹಂಗ.”

ಸೆರಗಿನಿಂದ ಏನು ಸುರಿಯುತ್ತದೆ? ನನಗೆ ತಲೆಬುಡ ತಿಳಿಯಲಿಲ್ಲ. ಮುಧೋಳದ ಬೀಗರು ಒಮ್ಮೆ ಪೂರ್ತಿ ಪಾಠ ಕೇಳಿ, ಹೋಗುವಾಗ ನನ್ನನ್ನು ತಡೆದು, ಡಾಕ್ಟರಿಗೆ ತೋರಿಸಿದ್ದೀರಾ ಎಂದರು. ಕಾಕಾನನ್ನೋ ಗಿಂಡಿಯನ್ನೋ ಗೊತ್ತಾಗದೆ ಹೂಂ ಅಂದುಬಿಟ್ಟೆ.

ಪಾಠದ ಕೊನೆಗೆ ಪ್ರಯೋಗ. ನಮ್ಮಲ್ಲಿ ನೀರು ಕುಡಿಯುವುದೇ ಎತ್ತಿಕೊಂಡು, ತುಟಿ ತಾಗಿಸದೆ. ಕಾಕಾ ಗಿಂಡಿಯನ್ನೂ ಹಾಗೇ ಎತ್ತುತ್ತಿದ್ದರು. ಕೆನೆ ನೀರೇ, ಥಟ್ಟನೆ ಇಳಿಯಲು? ಕತ್ತು ಚಾಚಿ ಕಾದು ಕಾದು ಕೊನೆಗೆ ಚುಂಚಿಗೆ ತುಟಿ ತಾಗುತ್ತಿತ್ತು. ಎಂಜಲಾಯಿತು! ಮನೆಯ ಕೆನೆಯೆಲ್ಲ ಅಜ್ಜಿಯ ತುಪ್ಪದ ಗಡಿಗೆಯ ಸ್ವತ್ತು. ಎಂಜಲಾದದ್ದು ಅದಕ್ಕೆ ನಿಷಿದ್ಧ. ಗಂಡನ ಎಂಜಲು ಹೆಂಡತಿಗೆ ಎಂಬ ಹಳೇ ಕಾನೂನಿನಂತೆ ಗಿಂಡಿ ಕಾಕಿಯ ತಾಟಿಗೆ ಹೋಗುತ್ತಿತ್ತು.

ದಿನಾ ಅದೇ ತಪ್ಪೆಂದರೆ? ಕೈ ನಡುಗುತ್ತಿದೆಯೇ? ನರದ ರೋಗವೇ? ಚಿಂತೆಯಲ್ಲಿ ನನ್ನ ಊಟವೇ ಇಳಿಯದಾಯಿತು. ಬನಹಟ್ಟಿಗೆ ಹೋಗಿ ಉದ್ದ ಹಿಡಿಕೆಯ ಚಮಚ ತಂದೆ.

ಕಾಕಾ ಚಮಚವನ್ನು ಚೇಳಿನಂತೆ ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಅವರು ಒಂದು ಚಮಚ ಕೆನೆಯನ್ನು ಮೇಲಿನಿಂದ ಬಾಯಿಗೆ ಬಿಟ್ಟುಕೊಂಡು, ಕಷಾಯ ಕುಡಿದವರ ಮುಖ ಮಾಡಿ ನುಂಗಿದರು. ಎಂಜಲಾಗಲಿಲ್ಲ! ಗೆದ್ದ ಹುರುಪಿನಲ್ಲಿ ಗಿಂಡಿ ಹಿಡಿದು ಅಜ್ಜಿಯ ಗಡಿಗೆಯತ್ತ ನಡೆದೆ.

ಒಲೆಯ ಪಕ್ಕ ಕಾಕಿ ರೊಟ್ಟಿ ಮುರಿದವರು ಹಾಗೇ ಕೈಯಲ್ಲಿ ಹಿಡಿದಿದ್ದರು. ಗಲಗಲಿಯ ಹೊಳೆದಂಡೆಯಲ್ಲಿ ಎಮ್ಮೆಗಳ ನಡುವೆ ಬೆಳೆದವರು, ಕೆನೆ-ರೊಟ್ಟಿಯೆಂದರೆ ಜೀವ. ಈ ಮನೆಗೆ ಬಂದಂದಿನಿಂದ ಬಾಯಿಬಿಟ್ಟು ಕೇಳಿದವರಲ್ಲ. ಕಾಕಾ ನೆಲ ನೋಡುತ್ತಿದ್ದರು.

ಕಣ್ಣು ಮಂಜಾದ ಅಜ್ಜಿ ಗಡಿಗೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಚಮಚಾ ಆಕಡಿ ಒಗಿಯೋ ಶ್ಯಾಣ್ಯಾ. ಅಂವಾ ಬಾಯಿ ಹಚ್ಚಲಿ. ಸೊಸಿ ರೊಟ್ಟಿ ಹಿಡಕೊಂಡು ಕುಂತಾಳ.”