ಫ್ರಿಜ್ಜಿನ ಚಿಲಕಕ್ಕೆ ನನಗಿಂತ ಮೊದಲು ಬಂದವರು

ಮನೆಯಲ್ಲಿ ದೊಡ್ಡ ಸಾಮಾನು ಕೆಟ್ಟರೆ ಜನ ಮರುಗುತ್ತಾರೆ. ಪಂಪು ಸುಟ್ಟುಹೋಯಿತು ಅಂದರೆ ಪಕ್ಕದ ಮನೆಯವರು ಎರಡು ಬಿಂದಿಗೆ ನೀರು ಕೊಟ್ಟು, ಕೂರಿಸಿ ಕಾಫಿಯನ್ನೂ ಕೊಡುತ್ತಾರೆ. ಕೆಟ್ಟಿರುವುದು ಹೆಬ್ಬೆಟ್ಟಿನಷ್ಟು ಉದ್ದದ ಒಂದು ಚಿಲಕ ಅಂದರೆ ಮಾತ್ರ ಯಾರಿಗೂ ಕರುಣೆ ಹುಟ್ಟುವುದಿಲ್ಲ. "ಅಷ್ಟೇನಾ?" ಅನ್ನುತ್ತಾರೆ. ಈ "ಅಷ್ಟೇನಾ" ಅನ್ನಿಸಿಕೊಂಡು ನಾನು ಒಂದು ಮಳೆಗಾಲ ಪೂರ್ತಿ ಮೈಸೂರಿನ ಗುಜರಿ ಅಂಗಡಿಗಳನ್ನು ಸುತ್ತಿದ್ದೇನೆ. ಸುತ್ತಿದ್ದಕ್ಕೆ ನಾಚಿಕೆಯೇನಿಲ್ಲ. ಆದರೆ ಆ ಸುತ್ತಾಟದಲ್ಲಿ ನಾನೊಬ್ಬನೇ ಇರಲಿಲ್ಲ ಎಂಬುದನ್ನು ಹೇಳುವಾಗ ಈಗಲೂ ಕತ್ತಿನ ಹಿಂದೆ ತಣ್ಣಗಾಗುತ್ತದೆ. ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡಿದವನು. ಸತ್ತವರು ಸತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮಾತು ಆಡುವುದು ನಮ್ಮ ಪದ್ಧತಿ. ಅಂಥವನಿಗೇ ಹೀಗಾಯಿತು.

ಆಗ ನಾವು ಜಯಲಕ್ಷ್ಮಿಪುರಂನಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಇಳಿದಿರಲಿಲ್ಲ. ಎದುರುಮನೆಯ ಶಿವಶಂಕರಪ್ಪ ಮೇಷ್ಟ್ರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು. ಚಿಕ್ಕ ವಯಸ್ಸಿನಲ್ಲಿ ಓದಲು ಇಂಗ್ಲೆಂಡಿಗೆ ಹೋಗಿ, ಬರುವಾಗ ಹಡಗಿನಲ್ಲಿ ಒಂದು ವ್ಯಾನು ತಂದಿದ್ದರು. ಒಳಗೇ ಮಂಚ, ಗ್ಯಾಸಿನ ಒಲೆ, ಒಂದು ನಲ್ಲಿ, ಮತ್ತು ಟ್ರಂಕಿನಷ್ಟು ದೊಡ್ಡ ಫ್ರಿಜ್ಜು. ಬೀದಿಯವರು ಅದನ್ನು "ಮಲಗೋ ವ್ಯಾನು" ಅನ್ನುತ್ತಿದ್ದರು. ಮೇಷ್ಟ್ರು ಅದರಲ್ಲಿ ಕಾಡುಮೇಡು ತಿರುಗಿ ಗಿಡಗಳನ್ನು ತರುತ್ತಿದ್ದರು. ಕೊರಳಲ್ಲಿ ಸದಾ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ. ತರಕಾರಿಯವನ ಹತ್ತಿರ ಸೊಪ್ಪು ಕೊಳ್ಳುವಾಗಲೂ ಅದನ್ನು ಕಣ್ಣಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಬೀದಿಗೆ ಬರುವ ಸೊಪ್ಪಿನವನು ಅವರಿಗೆ ಹೆದರಿ ಹಿಂದಿನ ಬೀದಿಯಿಂದ ಹೋಗಲು ಶುರುಮಾಡಿದ್ದ, ಅದರಿಂದ ನಮಗೂ ಸೊಪ್ಪು ತಪ್ಪಿತ್ತು.

ಆ ಫ್ರಿಜ್ಜಿನ ಬಾಗಿಲ ಚಿಲಕ ಮುರಿದು ಬಹಳ ಕಾಲವಾಗಿತ್ತು. ಬಿಳಿ ಪ್ಲಾಸ್ಟಿಕ್ಕಿನ ಒಂದು ನಾಲಗೆ, ಅದನ್ನು ಹಿಡಿದುಕೊಳ್ಳುವ ಒಂದು ಸ್ಪ್ರಿಂಗು. ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಮೇಷ್ಟ್ರು ಮುರಿದ ತುಂಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ವರ್ಷಗಟ್ಟಲೆ ಅಂಗಡಿ ಅಂಗಡಿ ತಿರುಗಿದರು. ಅವರು ತೀರಿಕೊಂಡದ್ದೂ ಆ ಹಾದಿಯಲ್ಲೇ. ಒಂದು ಬೆಳಿಗ್ಗೆ ಚಿಲಕ ಸಿಗುತ್ತದೇನೋ ನೋಡಿಬರುತ್ತೇನೆಂದು ಹೊರಟವರು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತರು, ಏಳಲಿಲ್ಲ. ಆಸ್ಪತ್ರೆಯವರು ಮನೆಗೆ ಕೊಟ್ಟ ಸಾಮಾನಿನಲ್ಲಿ ಕನ್ನಡಕ, ಭೂತಗನ್ನಡಿ, ಕರ್ಚೀಫಿನಲ್ಲಿ ಆ ತುಂಡು ಇದ್ದವು.

ಎರಡು ವರ್ಷ ಕಳೆದ ಮೇಲೆ ಅವರ ಹೆಂಡತಿ ನಾಗರತ್ನಮ್ಮನವರು ನನ್ನನ್ನು ಕರೆದು ವ್ಯಾನನ್ನು ಕೊಟ್ಟರು. ಮಗಳು, ಅಳಿಯ, ಮೊಮ್ಮಕ್ಕಳು ತುಂಬಿದ ಮನೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ಮಕ್ಕಳಿಗೆ ಆಡಲು ಅಂಗಳ ಬೇಕಾಗಿತ್ತು. ಬಸ್ಸು ಹತ್ತಿದರೆ ವಾಂತಿ ಮಾಡುವ ನನ್ನ ಹೆಂಡತಿ ವಿಶಾಲುವನ್ನು ದಸರಾ ರಜೆಯಲ್ಲಿ ಮಲಗಿಸಿಕೊಂಡೇ ಊರು ತೋರಿಸಬಹುದೆಂದು ನಾನು ಹಿಗ್ಗಿಹೋದೆ. ಮೊದಲ ಸಲ ಚಾಮುಂಡಿ ಬೆಟ್ಟಕ್ಕೆ ಹೊರಟಾಗ ಅತ್ತೆಯವರನ್ನೂ ಕೂರಿಸಿಕೊಂಡೆವು. ಒಂದು ತಿರುವಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಮೊಸರಿನ ಪಾತ್ರೆ ಹೊರಗೆ ಬಂದು ಅತ್ತೆಯವರ ಮಡಿಲಲ್ಲಿ ಕೂತಿತು. ದೇವರ ದರ್ಶನಕ್ಕೆ ಮುಂಚೆಯೇ ಅಭಿಷೇಕವಾಯಿತು ಎಂದು ನಾನು ನಕ್ಕೆ. ಮೇಲೆ ತಲುಪುವವರೆಗೆ ಬೇರೆ ಯಾರೂ ಮಾತಾಡಲಿಲ್ಲ.

ತಿರುವಿನಲ್ಲಿ ತೆರೆದುಕೊಂಡರೆ ಅರ್ಥವಾಗುತ್ತದೆ. ನಿಂತ ಗಾಡಿಯಲ್ಲೂ ತೆರೆದುಕೊಳ್ಳತೊಡಗಿತು. ಸಂಜೆ ಹಗ್ಗ ಕಟ್ಟಿ, ವ್ಯಾನಿಗೆ ಬೀಗ ಹಾಕಿ ಬಂದರೆ ಬೆಳಿಗ್ಗೆ ಹಗ್ಗ ಮಂಚದ ಮೇಲೆ ಸುರುಳಿಯಾಗಿ ಸುತ್ತಿರುತ್ತಿತ್ತು, ಬಾಗಿಲು ಅಗಲ ತೆರೆದಿರುತ್ತಿತ್ತು. ನಾನು ಹಗ್ಗ ಸುತ್ತಿಡುವ ಜಾತಿಯವನಲ್ಲ ಎಂಬುದಕ್ಕೆ ಮನೆಮಂದಿಯೆಲ್ಲ ಸಾಕ್ಷಿ. ಇಲಿ ಇರಬೇಕು ಅಂದೆ. ಇಷ್ಟು ಶಿಸ್ತಿನ ಇಲಿ ಇದ್ದರೆ ಮನೆಯೊಳಕ್ಕೇ ಕರೆದುಕೊಂಡು ಬನ್ನಿ, ನಿಮ್ಮ ಬಟ್ಟೆಯನ್ನೂ ಮಡಿಸಿಡಲಿ ಎಂದಳು ವಿಶಾಲು.

ಹಾಗಾಗಿ ನಾಗರತ್ನಮ್ಮನವರಿಂದ ಆ ಮುರಿದ ತುಂಡನ್ನು ಇಸಕೊಂಡು ನಾನು ಬೇಟೆಗೆ ಇಳಿದೆ. ಮೊದಲು ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿ. ಅಲ್ಲಿನ ಯಜಮಾನರು ತುಂಡನ್ನು ತಿರುಗಿಸಿ ನೋಡಿ, ಇಂಥ ಮಾಲು ನಮ್ಮಲ್ಲಿಲ್ಲ ಅಂದರು. ಆಮೇಲೆ, ಇವತ್ತೇನು ಎಲ್ಲರೂ ಇದನ್ನೇ ಕೇಳುತ್ತಾರೆ, ಬೆಳಿಗ್ಗೆ ಒಬ್ಬರು ವಯಸ್ಸಾದವರು ಬಂದಿದ್ದರು, ಇದೇ ಚಿಲಕ ಬೇಕು ಅಂದರು, ಎಂದು ಸೇರಿಸಿದರು. ನನಗೆ ಖುಷಿಯೇ ಆಯಿತು. ಊರಿನಲ್ಲಿ ಇನ್ನೊಂದು ಇಂಥ ವ್ಯಾನು ಇದೆ. ಅದರ ಯಜಮಾನರನ್ನು ಹಿಡಿದರೆ ಇಬ್ಬರೂ ಸೇರಿ ಅಳಬಹುದು. ಅಶೋಕ ರಸ್ತೆಯ ಫ್ರಿಜ್ ರಿಪೇರಿಯವನೂ ಅದನ್ನೇ ಹೇಳಿದ. ಬನ್ನಿಮಂಟಪದ ಹತ್ತಿರ ಬಸ್ಸಿಗೆ ಬಾಡಿ ಕಟ್ಟುವ ಷೆಡ್ಡಿನಲ್ಲಿ ಮಾತು ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿನ ಮೇಸ್ತ್ರಿ ನನ್ನ ಕೈಯಲ್ಲಿದ್ದ ತುಂಡನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದೇ ಪೀಸು ಸಾರ್ ಅವ್ರೂ ತೋರ್ಸಿದ್ದು. ಇಲ್ಲೇ, ಇಂಗೇ ಓರೆಯಾಗಿ ಮುರ್ದಿತ್ತು. ಈಗ ನಿಮ್ ಕೈಲಿ ಎಂಗೆ ಬಂತು?"

ಅವರು ಹೇಗಿದ್ದರು ಎಂದು ಕೇಳಿದೆ. ಕೇಳಬಾರದಿತ್ತು. ಎತ್ತರದ ಆಳು, ಬಿಳೀ ಕೂದಲು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಅಂಗಡಿಯಲ್ಲಿದ್ದ ಚಿಲಕಗಳನ್ನೆಲ್ಲ ಅದರಲ್ಲೇ ಒಂದೊಂದಾಗಿ ನೋಡಿ ಇಟ್ಟರು ಅಂದ. ನಾನು ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. ಸ್ಕೂಟರು ಮರೆತದ್ದು ಮಾರನೆಯ ದಿನ ಕಚೇರಿಗೆ ಹೊರಡುವಾಗ ಗೊತ್ತಾಯಿತು.

ವಿಶಾಲುವಿಗೆ ಹೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಕೇಳಿ, ಅವರಿಗೆ ಸಿಕ್ಕಿದರೆ ನಮಗೂ ಒಂದು ತರಲು ಹೇಳಿ ಬನ್ನಿ ಅಂದಳು. ಅಷ್ಟು ಧೈರ್ಯದ ಹೆಂಗಸು ಅಂದಿನಿಂದ ಸಂಜೆಯಾದ ಮೇಲೆ ವ್ಯಾನು ನಿಂತಿದ್ದ ಕಾಂಪೌಂಡಿನ ಕಡೆಯ ಕಿಟಕಿ ತೆರೆಯುವುದನ್ನು ಬಿಟ್ಟಳು. ಮತ್ತು ಯಾರಿಗೂ ಹೇಳಬೇಡ ಎಂದು ನಾನು ಕೇಳಿಕೊಂಡಿದ್ದರೂ ನಾಗರತ್ನಮ್ಮನವರಿಗೆ ಮಾತ್ರ ಹೇಳಿದಳು.

ಎದುರುಮನೆಯಿಂದ ಕರೆ ಬಂತು. ಅಪ್ಪನನ್ನು ಕಳೆದುಕೊಂಡ ಮನೆಯಲ್ಲಿ ಎಂಥ ಮಾತು ಎತ್ತಿದಿರಿ ಎಂದು ಮಗಳು ಬೈಯುತ್ತಾಳೆ ಎಂದುಕೊಂಡೇ ಹೋದೆ. ನಾಗರತ್ನಮ್ಮನವರು ಒಬ್ಬರೇ ಜಗಲಿಯ ಮೇಲೆ ಹೂ ಕಟ್ಟುತ್ತ ಕೂತಿದ್ದರು. ಅಳಲಿಲ್ಲ, ಗಾಬರಿಯಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಏನು ಹಾಕ್ಕೊಂಡಿದ್ರಂತಪ್ಪಾ?"

ನನಗೆ ಗೊತ್ತಿರಲಿಲ್ಲ. ಇಷ್ಟು ಮುಖ್ಯವಾದದ್ದನ್ನು ಕೇಳದೆ ಬಂದಿರಲ್ಲ ಎನ್ನುವಂತೆ ನೋಡಿದರು. ಸ್ಕೂಟರು ತರಲು ಹೇಗೂ ಹೋಗಬೇಕಾಗಿತ್ತು. ಮೇಸ್ತ್ರಿಯನ್ನು ಕೇಳಿಕೊಂಡು ಬಂದೆ. ಕಾಫಿ ಬಣ್ಣದ ಸ್ವೆಟರು, ಮೊಣಕೈ ಹತ್ತಿರ ಹಸಿರು ದಾರದಲ್ಲಿ ರಫು ಮಾಡಿದ್ದು ಅಂದಿದ್ದ. ನಾಗರತ್ನಮ್ಮನವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬೀರು ತೆಗೆದರು. ನುಸಿಗುಳಿಗೆಯ ವಾಸನೆಯ ನಡುವೆ ಸ್ವೆಟರು ಮಡಿಸಿದಂತೇ ಇತ್ತು. ಹಸಿರು ದಾರ ಹಾಕಿದ್ದು ನಾನೇ, ಕಾಫಿ ಬಣ್ಣದ್ದು ಸಿಗಲಿಲ್ಲ ಆವತ್ತು, ಅಂದರು. ಬಿಡಿಸಿದಾಗ ತೋಳಿನ ತುದಿಯಲ್ಲಿ ಉತ್ತರಾಣಿಯ ಮುಳ್ಳುಕಾಳು ಸಾಲಾಗಿ ಅಂಟಿಕೊಂಡಿತ್ತು. ಬೇಲಿಯ ಪಕ್ಕದಲ್ಲಿ ನಡೆದು ಬಂದವರಿಗೆ ಅಂಟುವುದು. ಅದು ಎರಡು ವರ್ಷದ ಹಿಂದಿನದೋ ನಿನ್ನೆಯದೋ ನೋಡಿ ಹೇಳಬಲ್ಲವರು ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು, ಅವರು ತೀರಿಕೊಂಡಿದ್ದರು. ನಾಗರತ್ನಮ್ಮನವರು ಕಾಳುಗಳನ್ನು ಒಂದೊಂದಾಗಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು. "ಇನ್ನು ಯಾವ ಅಂಗಡಿ ಉಳಿದಿದೆ?" ಎಂದು ಕೇಳಿದರು.

ಅಗ್ರಹಾರದಲ್ಲಿ ಒಂದು ಉಳಿದಿತ್ತು. ಹಳೇ ಮನೆಗಳನ್ನು ಕೆಡವಿದಾಗ ಬರುವ ಅಗುಳಿ, ಚಿಲಕ, ಬಾಗಿಲ ಬಳೆಗಳನ್ನು ಮಾರುವ ಚನ್ನಬಸಪ್ಪ ಎಂಬುವರ ಅಂಗಡಿ. ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ನಾಗರತ್ನಮ್ಮನವರು ಮೊಮ್ಮಗನಿಗೆ ಲೆಕ್ಕ ಹತ್ತುವುದಿಲ್ಲ ಎಂಬ ವಿಷಯವನ್ನೇ ಮಾತಾಡಿದರು. ನಾನು "ಹೌದೇ, ಹೌದೇ" ಅನ್ನುತ್ತ, ಆಟೋ ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಪ್ರಾರ್ಥಿಸುತ್ತಿದ್ದೆ. ಆದರೆ ಮೈಸೂರಿನ ಆಟೋಗಳು ಬೇಕೆಂದಾಗ ಕೆಡುವುದಿಲ್ಲ.

ಇಕ್ಕಟ್ಟಾದ ಅಂಗಡಿ. ಗೋಡೆ ತುಂಬ ಚಿಲಕಗಳು ನೇತಾಡುತ್ತಿದ್ದವು, ಬಾಗಿಲು ಮಾತ್ರ ಇಲ್ಲ. ನಾನು ತುಂಡನ್ನು ಮೇಜಿನ ಮೇಲೆ ಇಡುವ ಮೊದಲೇ ಚನ್ನಬಸಪ್ಪ ತಲೆಯಾಡಿಸಿದರು. ಈಗ ತಾನೆ ಅವರಿಗೆ ಹೇಳಿ ಕಳಿಸಿದೆ, ಇಲ್ಲ ಅಂತ. ಇದೇ ಸ್ಟೂಲಿನ ಮೇಲೆ ಕೂತಿದ್ದರು, ನೀವು ಬರುವಾಗ ಎದುರಿಗೆ ಸಿಕ್ಕಿರಬೇಕಲ್ಲ, ಅಂದರು. ನಾನು ಬೀದಿಯ ಕಡೆ ನೋಡಿದೆ. ಬಿಸಿಲಿನಲ್ಲಿ ಒಂದು ಹಸು ಮಲಗಿತ್ತು. ನಾಗರತ್ನಮ್ಮನವರು ಬೀದಿಯ ಕಡೆ ನೋಡಲಿಲ್ಲ. ನಿಧಾನವಾಗಿ ಆ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ಅದರ ಅಂಚಿನ ಮೇಲೆ ಇಟ್ಟುಕೊಂಡರು. ಅಲ್ಲಿಂದಲೇ ಚನ್ನಬಸಪ್ಪನವರಿಗೆ ಹೇಳಿದರು.

"ಮತ್ತೆ ಬರ್ತಾರೆ ಅವ್ರು. ಬಂದ್ರೆ ಹೇಳಿ, ಗಾಡಿ ಎದುರುಮನೆಯವ್ರಿಗೆ ಕೊಟ್ಟಾಗಿದೆ, ಇನ್ನು ಇದನ್ನ ಹುಡುಕ್ಕೊಂಡು ಬಿಸಿಲಲ್ಲಿ ತಿರುಗೋದು ಬೇಡ ಅಂತ."

"ಯಾರು ಹೇಳಿದ್ರು ಅನ್ಲಮ್ಮ?"

"ಮನೇಲಿ ಹೇಳಿದ್ರು ಅನ್ನಿ. ಸಾಕು."

ಚನ್ನಬಸಪ್ಪ ಆಗಲಿ ಅಂದರು. ಆ ಗಿರಾಕಿ ತೀರಿಕೊಂಡಿದ್ದಾರೆ ಎಂದು ಅವರಿಗೆ ನಾವು ಹೇಳಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಅದೆಲ್ಲ ಯಾಕೆ. ವಾಪಸು ಮನೆ ಬಂದಾಗ ನಾಗರತ್ನಮ್ಮನವರು, ಸ್ಟೂಲು ಬೆಚ್ಚಗಿತ್ತು ಕಣಪ್ಪ, ಎಂದಷ್ಟೇ ಹೇಳಿ ಇಳಿದುಹೋದರು. ಅಂಗಡಿಯೊಳಗೆ ಬಿಸಿಲು ಬೀಳುತ್ತಿತ್ತೇ ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಬಿದ್ದಿರಬೇಕು ಎಂದು ಈಗಲೂ ನಂಬಿದ್ದೇನೆ.

ಬೇಡ ಎಂದು ಅವರು ಹೇಳಿದ್ದು ಮೇಷ್ಟ್ರಿಗೆ. ನಾನು ಅದನ್ನು ನನಗೂ ಸೇರಿಸಿಕೊಂಡು ಹುಡುಕುವುದನ್ನು ನಿಲ್ಲಿಸಿದೆ. ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಬಿಗಿದೆ. ಅದು ತೆರೆದುಕೊಳ್ಳಲಿಲ್ಲ. ನಿಂತಾಗಲೂ ಇಲ್ಲ, ತಿರುವಿನಲ್ಲೂ ಇಲ್ಲ. ದಸರಾ ರಜೆಯಲ್ಲಿ ವಿಶಾಲುವನ್ನು ಮಲಗಿಸಿಕೊಂಡು ನಾಲ್ಕಾರು ಊರು ಸುತ್ತಿಬಂದೆವು. ಮಲಗಿಕೊಂಡು ಹೋದರೂ ಅವಳಿಗೆ ವಾಂತಿಯಾಗುತ್ತದೆ ಎಂದು ಗೊತ್ತಾಯಿತು. ಮೊಸರು ಮಾತ್ರ ಕದಲಲಿಲ್ಲ.

ಬಂದ ಮೇಲೆ ಒಂದು ದಿನ ಬಾಳೆಲೆ ತರಲು ಅಗ್ರಹಾರಕ್ಕೆ ಹೋಗಿದ್ದೆ. ಚನ್ನಬಸಪ್ಪ ಅಂಗಡಿಯೊಳಗಿಂದಲೇ ಕೈ ಬೀಸಿ ಕರೆದರು. ಅಮ್ಮನವರು ಹೇಳಿದ್ದನ್ನು ಆ ಯಜಮಾನರಿಗೆ ಹೇಳಿದರಂತೆ. ಅವರು ಕೇಳಿ, "ಹಂಗಂದ್ಲಾ" ಎಂದು ಕರ್ಚೀಫು ಮಡಿಸಿ ಜೇಬಿಗೆ ಇಟ್ಟುಕೊಂಡು ಎದ್ದರಂತೆ. ನನಗೆ ಮನಸ್ಸು ತುಂಬಿ ಬಂತು. ಕೈಮುಗಿದು ಹೊರಡುವವನಿದ್ದೆ. ಚನ್ನಬಸಪ್ಪ ತಡೆದರು. ಮೆಟ್ಟಿಲು ಇಳಿದವರು ತಿರುಗಿ ಬಂದು ಇನ್ನೊಂದು ಮಾತು ಕೇಳಿದರಂತೆ.

"'ನಾನು ಹೋದ ಅಂಗಡಿಗೆಲ್ಲ ನನ್ನ ಹಿಂದೇನೇ ಯಾರೋ ಒಬ್ರು ಬರ್ತಾರಂತಲ್ಲ, ಇದೇ ತುಂಡು ತೋರಿಸ್ತಾರಂತೆ. ಏನ್ರೀ ಅದು? ನಂಗ್ಯಾಕೋ ಸರಿ ಕಾಣ್ತಿಲ್ಲ' ಅಂದ್ರು ಸಾರ್. ಪಾಪ, ಎದರ್ಕೊಂಬುಟ್ಟಿದ್ರು."

ಅದಕ್ಕೆ ನೀವೇನು ಹೇಳಿದಿರಿ ಎಂದು ಕೇಳಿದೆ.

"ನೋಡಕ್ಕೆ ಮನುಷ್ಯರ ಥರಾನೇ ಅವ್ರೆ ಅಂದೆ. ನಾನು ಅಳೇ ಸಾಮಾನು ಮಾರೋನು ಸಾರ್, ಅದಕ್ಕಿಂತ ಗ್ಯಾರಂಟಿ ಎಂಗೆ ಕೊಡ್ಲಿ?"

ಅಂದಿನಿಂದ ನಾನು ಯಾವ ಅಂಗಡಿಗೆ ಹೋದರೂ ಮೆಟ್ಟಿಲ ಹತ್ತಿರ ಒಮ್ಮೆ ಕೆಮ್ಮಿಯೇ ಒಳಗೆ ಕಾಲಿಡುತ್ತೇನೆ. ಒಳಗೆ ಯಾರಿರುತ್ತಾರೋ, ಪಾಪ, ಸುಮ್ಮನೆ ಹೆದರಿಸುವುದು ಯಾಕೆ.