ಎಮ್ಮೆಗೆ ಸಿಕ್ಕ ಗುರುತು

ನಮ್ಮ ಗೌರಿ ಹೆಣ್ಣು ಹಡೆದಳು! ತಾಯಿ, ಮಗು ಇಬ್ಬರೂ ಆರಾಮ. ಗೌರಿ ನಮ್ಮ ಎಮ್ಮೆ. ಆದರೆ ನಾನು ಹಿಗ್ಗಿದ್ದು ಎಮ್ಮೆಗಿಂತ ಹೆಚ್ಚಾಗಿ ಹೆರಿಗೆ ಮಾಡಿಸಿದ ಡಾಕ್ಟರನ್ನು ಕಂಡು. ಆ ಕಥೆ ಹೇಳಬೇಕೆಂದರೆ ನನ್ನ ಮರ್ಯಾದೆಯನ್ನು ತುಸು ಬದಿಗಿಡಬೇಕು.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಗುರುತು ಹಿಡಿಯುವುದರಲ್ಲಿ ಯರಗುಪ್ಪಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಬರೀ ಬೆನ್ನು ನೋಡಿ ಎಮ್ಮೆ ಯಾರ ಮನೆಯದೆಂದು ಹೇಳುತ್ತೇನೆ!

ಇಂದು ಬೆಳಿಗ್ಗೆ ಗೌರಿಗೆ ನೋವು ಬಂತು. ಕರು ಅಡ್ಡ ತಿರುಗಿತ್ತು. ತಡವಾದರೆ ಎರಡೂ ಜೀವ ಹೋಗುತ್ತಿದ್ದವು. ದನದ ದವಾಖಾನೆಗೆ ಫೋನ್ ಮಾಡಿದರೆ, ನಮ್ಮ ಡಾಕ್ಟರು ರಜೆ, ಬೇರೆಯವರನ್ನು ಕಳಿಸುತ್ತೇವೆ ಎಂದರು. ಜೀಪಿನಿಂದ ಇಳಿದದ್ದು ಒಬ್ಬ ಹುಡುಗಿ! ಮೊಣಕಾಲುದ್ದದ ಬೂಟು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್. ನೇರ ಹೋಗಿ ಗೌರಿಯ ಕೊರಳು ತುರಿಸಿದಳು.

"ಅಜ್ಜಾ, ಬಾಲ ಹಿಡಿ."

ಗುರುತಿಲ್ಲದ ಹಿರಿಯನಿಗೆ ಏಕವಚನ!

"ತಂಗಿ, ನೀ ಇನ್ನೂ ಸಣ್ಣಾಕಿ. ನನ್ನ ಮೊಮ್ಮಗಳೂ ದನದ ಡಾಕ್ಟರ್ ಅದಾಳ, ದುಮ್ಮವಾಡದಾಗ. ಆಕಿ ಬರೂತನಕ ಎಮ್ಮಿ ಮುಟ್ಟಬ್ಯಾಡ!"

"ಚಾಷ್ಟಿ ಸಾಕ ಅಜ್ಜಾ, ಬಾಲ ಹಿಡಿ!" ಚಾಷ್ಟಿಯಂತೆ! ನಾನೇನು ತಮಾಷೆ ಮಾಡುತ್ತಿದ್ದೆನೆ?

ಹೊಸಬರನ್ನು ಕಂಡರೆ ಒದೆಯುವ ಗೌರಿ ಆಕೆಯ ಭುಜ ನೆಕ್ಕುತ್ತಿದ್ದಳು. ನೋವಿನಲ್ಲಿ ಎಮ್ಮೆಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಒಂದು ಕೈಯಲ್ಲಿ ಬಾಲ ಹಿಡಿದು, ಇನ್ನೊಂದು ಕೈಯಿಂದ ಮೊಮ್ಮಗಳು ರೇಣುಕಾಗೆ ಫೋನ್ ಹಚ್ಚಿದೆ. ಅದೇ ಹೊತ್ತಿಗೆ ಈ ಹುಡುಗಿಯ ಕೋಟಿನ ಕಿಸೆಯಲ್ಲಿ ಫೋನ್ ಬಡಿದುಕೊಳ್ಳಬೇಕೆ!

"ಮದಲ ನಿನ್ನ ಫೋನ್ ಬಂದ್ ಮಾಡವಾ! ಈ ಗದ್ದಲದಾಗ ನನ್ನ ಮೊಮ್ಮಗಳ ದನಿ ಹೆಂಗ ಕೇಳಬೇಕು?"

ಬಿಸಿನೀರು ತಂದ ನನ್ನ ಹೆಂಡತಿ ಶಾಂತವ್ವ ಬಾಗಿಲಲ್ಲೇ ನಿಂತಳು. "ಅಯ್ಯ, ನಮ್ಮ ರೇಣಿ! ಯಾವಾಗ ಬಂದಿ ಬೇ?"

"ಇವತ್ತೊಂದಿನ ಇತ್ತ ಕಳಿಸ್ಯಾರ, ಆಯಿ. ಅಜ್ಜ ಚಾಷ್ಟಿ ಮಾಡಾಕತ್ತಾನ ಅಂದ್ಕೊಂಡಿದ್ದೆ. ಖರೇನ ಗುರ್ತ ಸಿಕ್ಕಿಲ್ಲ!"

ನಾನು ಬಾಲ ಬಿಟ್ಟೆ. "ಬಾಲ!" ಎಂದು ಇಬ್ಬರೂ ಚೀರಿದರು. ಮತ್ತೆ ಹಿಡಿದೆ.

ನನ್ನ ತಲೆಯೊಳಗಿನ ರೇಣುಕಾ ಯಾವಾಗಲೂ ಎರಡು ಜಡೆ ಹಾಕಿಕೊಂಡು ಒಲೆಯ ಮುಂದೆ ರೊಟ್ಟಿ ತಿನ್ನುತ್ತ ಕೂತಿರುತ್ತಾಳೆ. ಅಲ್ಲಿದ್ದರೆ ಕಣ್ಣು ಮುಚ್ಚಿಯೂ ಗುರುತಿಸುತ್ತೇನೆ. ಬೂಟು ಹಾಕಿಕೊಂಡು ಕೊಟ್ಟಿಗೆಗೆ ಬಂದಳು ನೋಡಿ, ಕೈತಪ್ಪಿ ಹೋದಳು! ಗೌರಿಗೆ ಬೂಟು, ಟೋಪಿಯ ಗೊಡವೆ ಇರಲಿಲ್ಲ. ತನಗೆ ಹಿಂಡಿ ತಿನಿಸಿ ಬೆಳೆಸಿದ ಹುಡುಗಿ ಬಂದಿದ್ದಾಳೆಂದು ಅದಕ್ಕೆ ಗೊತ್ತಿತ್ತು.

ಎಂಥ ಕೈ ಅಂತೀರಿ! ಬೆವರು ಸುರಿಯುತ್ತಿದ್ದರೂ ಅವಸರವಿಲ್ಲ. ಎಮ್ಮೆಯನ್ನು ಮಾತಾಡಿಸುತ್ತಲೇ ಒಳಗಿನ ಕರುವನ್ನು ಮೆಲ್ಲಗೆ ತಿರುಗಿಸಿ ಎಳೆದಳು. ಕರು ಒಮ್ಮೆ ಸೀನಿತು. ನಾನು ಬಾಲ ಹಿಡಿದುಕೊಂಡೇ ಅತ್ತೆ.

ಸಂಜೆ ಮಗ, ಸೊಸೆ, ರೇಣುಕಾ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಕರು ಕುಡಿದು ಉಳಿದ ಹಾಲಿನ ಬಿಸಿ ಗಿಣ್ಣ! ಎಲ್ಲರಿಗೂ ನೀಡಿದ ಶಾಂತವ್ವ ನನ್ನ ತಾಟಿನ ಮುಂದೆ ನಿಂತಳು.

"ಯಾರ್ರಿ ನೀವು? ಗುರ್ತ ಸಿಗಲಿಲ್ಲ. ನಮ್ಮ ಮನಿ ಯಜಮಾನ್ರು ಬರೂತನಕ ಗಿಣ್ಣ ಮುಟ್ಟಬ್ಯಾಡ್ರಿ!"

ರೇಣುಕಾ ತನ್ನ ಪಾಲಿನ ಅರ್ಧ ಗಿಣ್ಣವನ್ನು ನನ್ನ ತಾಟಿಗೆ ಹಾಕಿದಳು.

"ಇರಲಿ ಬಿಡ ಆಯಿ. ಈ ಅಜ್ಜನ ಗುರ್ತ ನನಗ ಐತಿ. ಮುಂಜಾನಿ ಬಾಲ ಹಿಡಿದಾಂವ!"